ಮೂರನೆಯ ಚೀಟಿ

ಮೊದಲನೆಯ ಚೀಟಿ ಓದಿದ ಭಾನುವಾರ ಸಿಸಿಲಿಯಾ ಬಾಯಿ ಧೈರ್ಯವಾಗಿಯೇ ಇದ್ದಳು. ಧೈರ್ಯ ಅಂದರೆ ಎಂಥದ್ದು, ಬೆಂಚಿನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತ ಧೈರ್ಯ. ಕೆಮ್ಮಣ್ಣಿನ ಹೊಳೆ ಬದಿಯ ಆ ಸಣ್ಣ ಇಗರ್ಜಿಯಲ್ಲಿ, ಪೂಜೆಯ ನಡುವೆ, ವಿಗಾರರಾದ ಫಾದರ್ ಬೆಂಜಮಿನ್ ಜನರ ಕಡೆ ತಿರುಗಿ ಕನ್ನಡಕ ಸರಿಮಾಡಿಕೊಂಡು ಓದಿದರು. ಕಾರ್ಕಳದ ವಿಧುರ ವಲೇರಿಯನ್ ಮತ್ತು ಈ ಊರಿನ ವಿಧವೆ ಬೆನೆಡಿಕ್ಟಾ ಮದುವೆಯಾಗಲು ಇಚ್ಛಿಸಿದ್ದಾರೆ. ಇದಕ್ಕೆ ಅಡ್ಡಿಯಿರುವುದು ಯಾರಿಗಾದರೂ ಗೊತ್ತಿದ್ದರೆ ಬಂದು ತಿಳಿಸಬೇಕು, ಗೊತ್ತಿದ್ದೂ ಮುಚ್ಚಿಟ್ಟರೆ ಪಾಪ. ನಮ್ಮ ಕಡೆಯ ಕ್ರಿಸ್ತುವರಲ್ಲಿ ಹೀಗೆ ಮೂರು ಭಾನುವಾರ ಹೆಸರು ಕೂಗದೆ ಮದುವೆಯಿಲ್ಲ. ಅದಕ್ಕೆ ಚೀಟಿ ಓದುವುದು ಎನ್ನುತ್ತಾರೆ. ಅವತ್ತು ಇಡೀ ಇಗರ್ಜಿಯಲ್ಲಿ ಅಡ್ಡಿ ಗೊತ್ತಿದ್ದವಳು ಸಿಸಿಲಿಯಾ ಬಾಯಿ ಒಬ್ಬಳೇ. ಅವಳು ನಾಲ್ಕನೆಯ ಬೆಂಚಿನಲ್ಲಿ, ಸೊಸೆ ಬೆನೆಡಿಕ್ಟಾಳ ಪಕ್ಕದಲ್ಲೇ, ಜಪಸರ ಹಿಡಿದು ಕೂತಿದ್ದಳು.

'ವಿಧವೆ' ಅಂತ ಓದಿದರಲ್ಲ, ಅದು ಸುಳ್ಳು. ಬೆನೆಡಿಕ್ಟಾಳ ಗಂಡ ಎಡ್ಮಂಡ್ ಸತ್ತಿರಲಿಲ್ಲ. ಬೊಂಬಾಯಿಯಲ್ಲಿ ಗುಂಡುಕಲ್ಲಿನ ಹಾಗೆ ಇದ್ದ. ಊರಿನ ಪಾಲಿಗೆ ಅವನನ್ನು ಸಾಯಿಸಿದವಳು ಹೆತ್ತ ತಾಯಿ, ಇದೇ ಸಿಸಿಲಿಯಾ ಬಾಯಿ.

ಬೇಕೆಂದು ಮಾಡಿದ್ದಲ್ಲ. ಸಿಟ್ಟಿನಲ್ಲಿ ಮಾಡಿದ್ದು. ಸಿಟ್ಟು ಅಂದರೆ ಆ ಬಾಯಿಯದು ಸಣ್ಣ ಸಿಟ್ಟಲ್ಲ ಮಾರಾಯರೇ. ಮದುವೆಯಾಗಿ ಎಂಟು ತಿಂಗಳಿಗೆ, ಐವತ್ತೆರಡನೆಯ ಇಸವಿಯಲ್ಲಿ, ಎಡ್ಮಂಡ್ ಹಡಗಿನ ಕೆಲಸ ಹುಡುಕಿಕೊಂಡು ಬೊಂಬಾಯಿಗೆ ಹೋದ. ಮೊದಲು ತಿಂಗಳಿಗೊಂದು ಕಾಗದ ಬರುತ್ತಿತ್ತು, ಆಮೇಲೆ ಹಬ್ಬಕ್ಕೊಂದು, ಆಮೇಲೆ ಅದೂ ಇಲ್ಲ. ಐದು ವರ್ಷ ಕಳೆದ ಮೇಲೆ ತಾಯಿಯ ಹೆಸರಿಗೆ ಒಂದು ಕಾಗದ ಬಂತು. ಇಲ್ಲಿ ಒಬ್ಬಳು ನರ್ಸನ್ನು ರಿಜಿಸ್ಟ್ರಿ ಮದುವೆ ಆಗಿದ್ದೇನೆ, ಅವಳು ನಮ್ಮ ಪೈಕಿಯವಳಲ್ಲ, ಬೆನೆಡಿಕ್ಟಾ ಬೇಕಾದರೆ ಕೋರ್ಟಿನಲ್ಲಿ ಡೈವೋರ್ಸ್ ತೆಗೆದುಕೊಳ್ಳಲಿ, ನನ್ನ ಆಕ್ಷೇಪ ಏನೂ ಇಲ್ಲ. ಆಕ್ಷೇಪ ಇಲ್ಲವಂತೆ! ದೊಡ್ಡ ಉಪಕಾರ ಮಾಡಿದ ಹಾಗೆ! ಕೋರ್ಟಿನ ಕಾಗದ ಸರಕಾರಕ್ಕೆ ಸಾಕು, ಇಗರ್ಜಿಗೆ ಸಾಕೇ? ಬಲಿಪೀಠದ ಎದುರು ಕಟ್ಟಿದ ಗಂಟನ್ನು ಯಾವ ಜಡ್ಜೂ ಬಿಚ್ಚಲಾರ. ಗಂಡ ಬದುಕಿರುವ ತನಕ ಹೆಂಡತಿ ಅವನ ಹೆಂಡತಿಯೇ, ಅವನು ಬೊಂಬಾಯಿಯಲ್ಲಿ ಹತ್ತು ಜನರನ್ನು ಕಟ್ಟಿಕೊಂಡು ಕೂತಿದ್ದರೂ.

ಸಿಸಿಲಿಯಾ ಬಾಯಿ ಆ ಕಾಗದವನ್ನು ಒಲೆಗೆ ಹಾಕಿ, ಉಟ್ಟ ಸೀರೆಯಲ್ಲೇ ಇಗರ್ಜಿಗೆ ಹೋದಳು. ಆಗ ಇದ್ದವರು ಮುದಿ ವಿಗಾರರು. ಕಿವಿ ಮಂದ, ಮನಸ್ಸು ಬೆಣ್ಣೆ. ಅವರೆದುರು ನಿಂತು, "ಪಾದ್ರಾಬ್, ನನ್ನ ಮಗ ಎಡ್ಮಂಡನ ಆತ್ಮಕ್ಕೆ ಒಂದು ಪೂಜೆ ಇಡಿ" ಅಂದಳು. ಇಂಥ ಮಗ ಇದ್ದರೂ ಸತ್ತ ಹಾಗೆಯೇ, ಸತ್ತವರಿಗೆ ಮಾಡುವುದನ್ನು ಮಾಡಿ ಕೈ ತೊಳೆದುಕೊಳ್ಳುತ್ತೇನೆ ಎಂಬ ಹಟ ಅದು. ಮುದುಕರು ಗಾಬರಿಯಾಗಿ, "ಯಾವಾಗ ಬಾಯಿ?" ಎಂದು ಕೇಳಿದರು. "ಕಾಗದ ಇವತ್ತು ಬಂತು" ಎಂದಳು. ಅಷ್ಟೇ ಹೇಳಿದ್ದು. ಮುದುಕರ ಕಣ್ಣಲ್ಲಿ ನೀರು ಬಂತು. ಅವಳು ಹೆಚ್ಚಿನದು ಹೇಳುವ ಮೊದಲೇ ಒಳಗೆ ಹೋಗಿ ಸತ್ತವರ ಪುಸ್ತಕ ತೆರೆದು ಬರೆದರು, ಸಾವಿನ ಗಂಟೆ ಹೊಡೆಸಿದರು. ಅವಳು ಮನೆಗೆ ಬರುವಷ್ಟರಲ್ಲಿ ಅಂಗಳದ ತುಂಬ ಹೆಂಗಸರು. ನಡುವೆ ಬೆನೆಡಿಕ್ಟಾ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದಳು.

ಆಗಲೇ ಹೇಳಬಹುದಿತ್ತು. ನಾಲಗೆ ಏಳಲಿಲ್ಲ. ಸತ್ತಿಲ್ಲ ಎಂದರೆ ಮತ್ತೇನಾಗಿದೆ ಎಂದು ಹೇಳಬೇಕಲ್ಲ? ಆ ಹುಡುಗಿಗೆ ಗಂಡ ಬಿಟ್ಟವಳು ಎನ್ನಿಸಿಕೊಳ್ಳುವುದಕ್ಕಿಂತ ಗಂಡ ಸತ್ತವಳು ಎನ್ನಿಸಿಕೊಳ್ಳುವುದೇ ಮೇಲು ಎಂದು ಒಂದು ಲೆಕ್ಕ ಹಾಕಿ, ಸಿಸಿಲಿಯಾ ಬಾಯಿ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡು ತಾನೂ ಅತ್ತಳು. ಅಳು ಮಾತ್ರ ಸುಳ್ಳಲ್ಲ. ವಾರ ಕಳೆದ ಮೇಲೆ ಬೊಂಬಾಯಿಗೆ ಒಂದು ಕಾರ್ಡು ಬರೆದಳು: ನೀನು ಸತ್ತೆ ಅಂತ ಇಲ್ಲಿ ಪೂಜೆ ಆಗಿದೆ, ಇನ್ನು ಕಾಗದ ಬರೆಯಬೇಡ, ಈ ಕಡೆ ಮುಖ ಹಾಕಬೇಡ.

ಹಾಗೆ ನಾಲ್ಕು ವರ್ಷ ಹೋಯಿತು. ಬೆನೆಡಿಕ್ಟಾಗೆ ತವರು ಎಂದು ಯಾರೂ ಇರಲಿಲ್ಲ. ಕಪ್ಪು ಉಟ್ಟುಕೊಂಡು ಅತ್ತೆಯ ಜೊತೆಯೇ ಉಳಿದಳು. ಹೊಲಿಗೆ ಮಾಡಿದಳು. ಅತ್ತೆಗೆ ವಿಷಮಜ್ವರ ಬಂದಾಗ ಇಪ್ಪತ್ತೊಂದು ದಿನ ಚಾಪೆಯ ಪಕ್ಕದಿಂದ ಏಳಲಿಲ್ಲ. ಕಾರ್ಕಳದಲ್ಲಿ ಬೇಕರಿ ಇಟ್ಟ ವಲೇರಿಯನ್ ಯಾರದೋ ಮರಣಕ್ಕೆಂದು ಕೆಮ್ಮಣ್ಣಿಗೆ ಬಂದವನು ಅವಳನ್ನು ನೋಡಿದ. ಅವನ ಹೆಂಡತಿ ತೀರಿಹೋಗಿ ಮೂರು ವರ್ಷ. ಪ್ಯಾಟ್ರಿಶಿಯಾ ಎಂಬ ಐದು ವರ್ಷದ ಮಗಳು. ಆ ಮಗು ಮೊದಲ ದಿನವೇ ಹೋಗಿ ಬೆನೆಡಿಕ್ಟಾಳ ಮಡಿಲಲ್ಲಿ ಕೂತುಕೊಂಡಿತು. ಬೆನೆಡಿಕ್ಟಾ ನಕ್ಕಳು. ನಾಲ್ಕು ವರ್ಷದಲ್ಲಿ ಅವಳ ಹಲ್ಲು ಕಂಡದ್ದು ಅದೇ ಮೊದಲು. ನೋಡಿದ ಸಿಸಿಲಿಯಾ ಬಾಯಿಗೆ ಎಷ್ಟು ಸಂತೋಷವಾಯಿತೋ ಅಷ್ಟೇ ಹೆದರಿಕೆಯೂ ಆಯಿತು. ಬೇಡ ಎನ್ನಲು ಬಾಯಿ ಬರಲಿಲ್ಲ. ಆಗಲಿ ಎಂದುಬಿಟ್ಟಳು.

ಹೊಸ ವಿಗಾರರು ಫಾದರ್ ಬೆಂಜಮಿನ್, ಓದಿದವರು, ಸೂಕ್ಷ್ಮದವರು. "ಬಾಯಿ, ಮಗ ತೀರಿಹೋದ ಸರ್ಟಿಫಿಕೇಟ್ ಎಂತಾದರೂ ಉಂಟಾ?" ಎಂದು ಕೇಳಿದ್ದರು.

"ನಿಮ್ಮ ಪುಸ್ತಕದಲ್ಲಿ ಉಂಟಲ್ಲ ಪಾದ್ರಾಬ್" ಎಂದಿದ್ದಳು ಸಿಸಿಲಿಯಾ ಬಾಯಿ.

ಪುಸ್ತಕದಲ್ಲಿ ಇತ್ತು. ಹೆತ್ತ ತಾಯಿ ಹೇಳಿ ಬರೆಸಿದ್ದು. ಅದಕ್ಕಿಂತ ದೊಡ್ಡ ಸಾಕ್ಷಿ ಯಾರು ಕೇಳುತ್ತಾರೆ? ಡಿಸೆಂಬರ್ ಬಂದರೆ ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರ ಮದುವೆ ಇಲ್ಲವೆಂದು, ನವೆಂಬರಿನಲ್ಲೇ ಮೂರು ಚೀಟಿ ಮುಗಿಸಿ ಬುಧವಾರ ಬೆಳಿಗ್ಗೆ ಮದುವೆ ಎಂದು ಗೊತ್ತು ಮಾಡಿದರು. ನವೆಂಬರ್ ನಮ್ಮಲ್ಲಿ ಸತ್ತವರ ತಿಂಗಳು. ಸಮಾಧಿಗಳ ಮೇಲೆ ಮೇಣದ ಬತ್ತಿ ಉರಿಯುವ ತಿಂಗಳು. ಬೆನೆಡಿಕ್ಟಾ ಮದುವೆಯ ಸೀರೆ ಹೊಲಿಗೆಯ ಪೆಟ್ಟಿಗೆಯಲ್ಲಿ ಮಡಚಿಟ್ಟು, ಎಡ್ಮಂಡನ ಹೆಸರಿನಲ್ಲಿ ಬತ್ತಿ ಹಚ್ಚಿ ಬಂದಳು. ಸಿಸಿಲಿಯಾ ಬಾಯಿ ಕಾಲು ನೋವೆಂದು ಮನೆಯಲ್ಲೇ ಉಳಿದಳು.

ಮೊದಲ ಚೀಟಿ ಓದಿದ ಮೇಲಿನ ಬುಧವಾರ ಟಪಾಲಿನ ದಾಮೋದರ ಬೇಲಿಯ ದಣಪೆಯ ಹತ್ತಿರ ನಿಂತು ಕೂಗಿದ.

"ಬಾಯಮ್ಮಾ, ಬೊಂಬಾಯಿದು ಉಂಟು ಒಂದು! ಎಷ್ಟು ಸಮಯ ಆಯಿತು ಅಲ್ವಾ ನಿಮಗೆ ಬೊಂಬಾಯಿಯಿಂದ ಬಾರದೆ!"

ಸಿಸಿಲಿಯಾ ಬಾಯಿ ಕಾಗದ ಕಸಿದುಕೊಂಡಳು. ಅಕ್ಷರ ನೋಡಿದರೆ ಸಾಕು, ಅದೇ ಬಾಲ ಉದ್ದ ಎಳೆಯುವ ಅಕ್ಷರ. "ಯಾರೋ ಸಂಬಂಧದವರು ಮಾರಾಯ" ಎಂದು ಅವನನ್ನು ಸಾಗಹಾಕಿ, ದನದ ಹಟ್ಟಿಗೆ ಹೋಗಿ ಬಾಗಿಲು ಮುಚ್ಚಿಕೊಂಡು ಓದಿದಳು. ಅಮ್ಮಾ, ನನಗೆ ಮೈ ಸರಿಯಿಲ್ಲ, ಎದೆಯ ಫೋಟೋ ತೆಗೆಸಿದ್ದಾರೆ. ಮಕ್ಕಳಿಬ್ಬರನ್ನು ನೀವು ಒಂದು ಸಲ ನೋಡಬೇಕು. ದೊಡ್ಡವನಿಗೆ ಅಪ್ಪನ ಹೆಸರು ಇಟ್ಟಿದ್ದೇನೆ. ನೀವು ಬೇಡ ಅಂದರೂ ಕ್ರಿಸ್ಮಸ್ಸಿಗೆ ಬರುತ್ತೇನೆ. ಬೆನೆಡಿಕ್ಟಾಳ ಕಾಲು ಹಿಡಿದಾದರೂ ಕ್ಷಮೆ ಕೇಳುತ್ತೇನೆ.

ಕ್ರಿಸ್ಮಸ್ಸಿಗೆ! ಅಂದರೆ ಮದುವೆಯಾಗಿ ಒಂದು ತಿಂಗಳಿಗೆ ಸಂತೆಕಟ್ಟೆಯಲ್ಲಿ ಬಸ್ಸಿಳಿದು, ಇಬ್ಬರು ಮಕ್ಕಳ ಕೈ ಹಿಡಿದು, ಹಗಲು ಬೆಳಕಿನಲ್ಲಿ ಸತ್ತವನು ನಡೆದು ಬರುತ್ತಾನೆ. ಆಮೇಲೆ ಬೆನೆಡಿಕ್ಟಾ ಏನಾಗುತ್ತಾಳೆ? ವಲೇರಿಯನನ ಹೆಂಡತಿಯಲ್ಲ, ಎಡ್ಮಂಡನ ಹೆಂಡತಿಯೂ ಅಲ್ಲದ ಹಾಗೆ. ಇಟ್ಟುಕೊಂಡವಳು ಎನ್ನುತ್ತಾರೆ. ಹೊಟ್ಟೆಯಲ್ಲಿ ಮಗು ನಿಂತಿದ್ದರೆ ಅದಕ್ಕೊಂದು ಹೆಸರಿಡುತ್ತಾರೆ. ಸಿಸಿಲಿಯಾ ಬಾಯಿ ದನದ ಬೆನ್ನಿಗೆ ಹಣೆ ಒತ್ತಿ ನಿಂತಳು. ಕಾಗದವನ್ನು ಈ ಸಲ ಸುಡಲಿಲ್ಲ, ಪ್ರಾರ್ಥನೆ ಪುಸ್ತಕದೊಳಗೆ ಇಟ್ಟಳು.

ಎರಡನೆಯ ಚೀಟಿಯ ದಿನ ಫಾದರ್ ಬೆಂಜಮಿನ್ "ಅಡ್ಡಿ ಗೊತ್ತಿದ್ದವರು" ಎನ್ನುವಾಗ ಹಿಂದೆ ಯಾರೋ ಕೆಮ್ಮಿದರು. ಸಿಸಿಲಿಯಾ ಬಾಯಿಗೆ ಕೂತಲ್ಲೇ ಬೆವರು ಕಿತ್ತಿತು. ಒಂದು ಕೆಮ್ಮು, ಅಷ್ಟೇ. ಅವತ್ತಿನಿಂದ ಅವಳಿಗೆ ಅನ್ನ ಸೇರಲಿಲ್ಲ. "ಮಾಂಯ್, ನಾನು ಹೋಗುತ್ತೇನೆ ಅಂತ ಬೇಜಾರಾ?" ಎಂದು ಬೆನೆಡಿಕ್ಟಾ ಕೇಳಿದಳು. ಅತ್ತೆಯನ್ನು ಅವಳು ಮಾಂಯ್ ಎಂದೇ ಕರೆಯುವುದು. "ನೀವೂ ಕಾರ್ಕಳಕ್ಕೆ ಬನ್ನಿ. ಅವರೇ ಹೇಳಿದ್ದಾರೆ, ನಿಮಗೆ ಅಂತ ಒಂದು ಕೋಣೆ ಉಂಟಂತೆ." ಅಯ್ಯೋ ದೇವರೇ, ಬೈದಿದ್ದರೆ ಸಹಿಸಬಹುದಿತ್ತು. ಇದನ್ನು ಹೇಗೆ ಸಹಿಸುವುದು?

ಕೊನೆಗೆ ಮೂರನೆಯ ಚೀಟಿಯ ಹಿಂದಿನ ದಿನ, ಶನಿವಾರ ಸಂಜೆ, ಸಿಸಿಲಿಯಾ ಬಾಯಿ ಮನಸ್ಸು ಗಟ್ಟಿಮಾಡಿಕೊಂಡು ಇಗರ್ಜಿಗೆ ಹೋದಳು. ಹೇಳಿಬಿಡುವುದು ಎಂದೇ ಹೋದದ್ದು. ಆದರೆ ಎಲ್ಲಿ ಹೇಳಿದಳು ನೋಡಿ. ವಿಗಾರರ ಬಂಗಲೆಗೆ ಹೋಗಿ, ಕುರ್ಚಿಯಲ್ಲಿ ಕೂತು, ಮುಖ ನೋಡಿ ಹೇಳಬೇಕಾದ ಮಾತು ಅದು. ಅವಳು ಅರವತ್ತು ವರ್ಷದಿಂದ ಪಾಪದ ಮಾತನ್ನು ಪಾದ್ರಿಗಳಿಗೆ ಹೇಳಿದ್ದು ಒಂದೇ ಜಾಗದಲ್ಲಿ. ಕಾಲು ತಾನಾಗಿಯೇ ಅಲ್ಲಿಗೆ ಹೋಯಿತು. ಪಾಪ ಒಪ್ಪಿಕೊಳ್ಳುವ ಕುಮ್ಸಾರಿನ ಮರದ ಗೂಡಿನ ಪಕ್ಕ ಮೊಣಕಾಲೂರಿ, ಜಾಲರಿಗೆ ಬಾಯಿ ಹಚ್ಚಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.



"ಮಗಳೇ, ಇದನ್ನು ಇಲ್ಲಿ ಹೇಳಿದ್ದು ಸಾಲುವುದಿಲ್ಲ" ಎಂದರು ಫಾದರ್ ಬೆಂಜಮಿನ್. ಸ್ವರ ಒಣಗಿತ್ತು. "ಈಗಲೇ ಹೊರಗೆ ಬಂದು, ಬಂಗಲೆಯಲ್ಲಿ ನನಗೆ ಹೇಳಬೇಕು."

"ಹೇಳಿಯಾಯಿತಲ್ಲ ಪಾದ್ರಾಬ್. ಇನ್ನು ನೀವು ನಿಲ್ಲಿಸಿ."

"ನನ್ನಿಂದಾಗುವುದಿಲ್ಲ. ಕುಮ್ಸಾರಿನಲ್ಲಿ ಕೇಳಿದ್ದನ್ನು ನಾನು ಹೊರಗೆ ತೆಗೆದುಕೊಂಡು ಹೋಗುವ ಹಾಗಿಲ್ಲ. ಮಾತಿನಲ್ಲೂ ಇಲ್ಲ, ಸನ್ನೆಯಲ್ಲೂ ಇಲ್ಲ. ಚೀಟಿ ಓದದೆ ಇರಲಿಕ್ಕೂ ನನಗೆ ಬೇರೆ ಕಾರಣ ಬೇಕು. ನನ್ನ ಜೀವ ಹೋದರೂ ಇದರಲ್ಲಿ ಬದಲಿಲ್ಲ."

"ನನ್ನ ಬಾಯಿಂದ ಊರಿಗೆ ಹೇಳಲಿಕ್ಕೆ ನನಗೆ ಆಗುವುದಿಲ್ಲ. ಅವಳ ಮುಖ ನೋಡಿ ಹೇಳಲಿಕ್ಕೆ ಆಗುವುದೇ ಇಲ್ಲ."

"ಹಾಗಾದರೆ ನನಗೆ ಪಾಪ ಬಿಡಿಸಲಿಕ್ಕೂ ಆಗುವುದಿಲ್ಲ." ಅವರು ಉಸಿರು ಎಳೆದುಕೊಂಡರು. "ಆ ಹುಡುಗಿಗೆ ಏನೂ ಗೊತ್ತಿಲ್ಲ. ಗೊತ್ತಿಲ್ಲದೆ ಮದುವೆಗೆ ನಿಂತರೆ ಅವಳ ಮೇಲೆ ಪಾಪವಿಲ್ಲ. ಎಲ್ಲಾ ನಿಮ್ಮ ತಲೆಯ ಮೇಲೆ. ಯೋಚನೆ ಮಾಡಿ. ನಾನು ಬಂಗಲೆಯ ಬಾಗಿಲು ತೆರೆದೇ ಇಟ್ಟಿರುತ್ತೇನೆ."

ಅವಳು ಬಂಗಲೆಗೆ ಹೋಗಲಿಲ್ಲ. ಮನೆಗೆ ಬಂದಳು. ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡಳು: ಹೇಳುತ್ತಾರೆ ಹಾಗೆ. ಅಷ್ಟು ಓದಿದವರು ಒಂದು ಉಪಾಯ ಮಾಡದೆ ಇರುತ್ತಾರಾ? ನಾಳೆ ಜ್ವರ ಅಂತ ಮಲಗಿಯಾರು. ಬಿಷಪರ ಕಾಗದ ಬರಲಿಲ್ಲ ಅಂದಾರು. ಗೊತ್ತಿದ್ದೂ ಗೊತ್ತಿದ್ದೂ ಒಬ್ಬ ಪಾದ್ರಿ ಇಂಥ ಚೀಟಿ ಓದುವುದುಂಟೇ?

ಓದಿದರು. ಭಾನುವಾರ ಅವರ ಮುಖ ಸುಣ್ಣ ಬಳಿದ ಹಾಗಿತ್ತು. ಮೂರನೆಯ ಮತ್ತು ಕೊನೆಯ ಚೀಟಿ ಎಂದರು. ಅಡ್ಡಿ ಗೊತ್ತಿದ್ದವರು ತಿಳಿಸಬೇಕು ಎಂದರು. ಎಂದವರು ಕಾಗದದಿಂದ ಕಣ್ಣೆತ್ತಲಿಲ್ಲ. ಇಗರ್ಜಿಯಲ್ಲಿ ಇನ್ನೂರು ಜನ ಉಸಿರಾಡುತ್ತಿದ್ದರು. ಸಿಸಿಲಿಯಾ ಬಾಯಿಗೆ ತನ್ನ ಉಸಿರು ಮಾತ್ರ ಕೇಳಿಸುತ್ತಿತ್ತು. ಏಳಬೇಕು, ಈಗ ಏಳಬೇಕು ಎಂದುಕೊಂಡಳು. ಪಕ್ಕದಲ್ಲಿ ಬೆನೆಡಿಕ್ಟಾ ಅವಳ ಕೈಯನ್ನು ಮೆಲ್ಲಗೆ ಹಿಡಿದುಕೊಂಡಳು. ವಿಗಾರರು ಕಾಗದ ಮಡಚಿ ಬಲಿಪೀಠದ ಕಡೆ ತಿರುಗಿದರು.

ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ಅವರನ್ನು ಅಡ್ಡಗಟ್ಟಿದಳು. "ಪಾದ್ರಾಬ್..." ಎಂದಳು.

ಫಾದರ್ ಬೆಂಜಮಿನ್ ಅವಳನ್ನು ನೋಡಿದರು. ಗುರುತಿಲ್ಲದವರನ್ನು ನೋಡುವ ಹಾಗೆ, ಒಂದು ಚೂರೂ ಬದಲಾಗದ ಮುಖದಲ್ಲಿ. "ಏನು ಬಾಯಿ, ಕಾಲು ನೋವು ಹೇಗುಂಟು?" ಎಂದು ಕೇಳಿದರು. ಕಾದರು. ಸುತ್ತ ನಾಲ್ಕು ಹೆಂಗಸರು ನಿಂತಿದ್ದರು, ಅವರ ಕಿವಿಯೆಲ್ಲ ಈ ಕಡೆಗೇ. "ಪರವಾಗಿಲ್ಲ ಪಾದ್ರಾಬ್" ಎಂದಳು ಸಿಸಿಲಿಯಾ ಬಾಯಿ. ಅವರು ಇನ್ನೂ ಒಂದು ಕ್ಷಣ ನಿಂತು, ಆಮೇಲೆ ಒಳಗೆ ಹೋದರು. ಬಂಗಲೆಯ ಬಾಗಿಲು ಅವತ್ತೂ ಮರುದಿನವೂ ತೆರೆದೇ ಇತ್ತಂತೆ. ಎಷ್ಟೊಂದು ಸೊಳ್ಳೆ, ಪಾದ್ರಾಬರು ಬಾಗಿಲು ಹಾಕುವುದಿಲ್ಲ ಎಂದು ಅಡುಗೆಯವಳು ಗೊಣಗಿದಳಂತೆ.

ಬುಧವಾರ ಬೆಳಗಾಯಿತು. ವಿಧವೆಯ ಮದುವೆಗೆ ರೋಸ್ ಎಂದು ತೆಂಗಿನ ಹಾಲು ಹಚ್ಚುವ ಸಂಭ್ರಮವಿಲ್ಲ, ಬ್ಯಾಂಡು ಇಲ್ಲ. ವಲೇರಿಯನ್ ಕಳಿಸಿದ ಬಾಡಿಗೆ ಕಾರು ಗದ್ದೆಯ ಅಂಚಿಗೆ ಬಂದು ನಿಂತಿತ್ತು. ಬೆನೆಡಿಕ್ಟಾ ತಿಳಿನೀಲಿ ಸೀರೆಯುಟ್ಟು ಒಳಗೆ ಬಂದು ಅತ್ತೆಯ ಎದುರು ಮೊಣಕಾಲೂರಿದಳು.

"ಆಶೀರ್ವಾದ ಮಾಡಿ ಮಾಂಯ್. ನನಗೆ ತಾಯಿ ಇಲ್ಲ. ನೀವೇ."

ಸಿಸಿಲಿಯಾ ಬಾಯಿ ಕೈ ಎತ್ತಿದಳು. ಕೈ ಅವಳ ತಲೆಯವರೆಗೆ ಹೋಗಲಿಲ್ಲ, ನಡುವೆಯೇ ನಿಂತಿತು. ಈ ತಲೆಯ ಮೇಲೆ ಕೈಯಿಟ್ಟು ದೇವರ ಹೆಸರು ಹೇಳುವುದು ಹೇಗೆ? ಮೂರು ಚೀಟಿಗೂ ಕದಲದ ನಾಲಗೆ ಆಗ ಕದಲಿತು.

"ಎಡ್ಮಂಡ್ ಬದುಕಿದ್ದಾನೆ ಮಗಾ."

ಬೆನೆಡಿಕ್ಟಾ ತಲೆ ಎತ್ತಿದಳು. ಸಿಸಿಲಿಯಾ ಬಾಯಿ ಪ್ರಾರ್ಥನೆ ಪುಸ್ತಕದಿಂದ ಕಾಗದ ತೆಗೆದು ಕೊಟ್ಟಳು. ಹಳೆಯ ಕಾಗದದ ಕತೆ, ಪೂಜೆಯ ಕತೆ, ಎಲ್ಲವನ್ನೂ ತೊದಲುತ್ತಾ ಹೇಳಿದಳು. ಬೆನೆಡಿಕ್ಟಾ ಕಿಟಕಿಯ ಬೆಳಕಿಗೆ ಹೋಗಿ ಓದಿದಳು. ನಿಧಾನವಾಗಿ ಓದಿದಳು. ಮಕ್ಕಳ ವಿಷಯ ಬಂದಲ್ಲಿ ಎರಡು ಸಲ ಓದಿದಳೆಂದು ತೋರಿತು. ಅಳಲಿಲ್ಲ. ಕಾಗದವನ್ನು ಅದೇ ಮಡಿಕೆಯಲ್ಲಿ ಮಡಚಿ ಅತ್ತೆಯ ಕೈಗೆ ಕೊಟ್ಟಳು.

"ಬೇರೆ ಯಾರಿಗೆ ಹೇಳಿದ್ದೀರಿ?"

"ಪಾದ್ರಾಬರಿಗೆ. ಕುಮ್ಸಾರಿನಲ್ಲಿ."

"ಹಾಗಾದರೆ ಅವರು ಬಾಯಿ ಬಿಡುವುದಿಲ್ಲ." ಸೆರಗು ಸರಿಮಾಡಿಕೊಂಡಳು. "ಏಳಿ ಮಾಂಯ್, ಕಾರಿನವನು ಕಾಯುತ್ತಿದ್ದಾನೆ."

ಸಿಸಿಲಿಯಾ ಬಾಯಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಸೊಸೆಯ ತೋಳು ಹಿಡಿದುಕೊಂಡಳು. "ಬೇಡ ಮಗಾ! ನಿನ್ನ ಕಾಲಿಗೆ ಬೀಳುತ್ತೇನೆ! ಇಷ್ಟರವರೆಗೆ ನಿನಗೆ ಗೊತ್ತಿರಲಿಲ್ಲ, ಪಾಪ ನನ್ನದೊಬ್ಬಳದು. ಇನ್ನು ಹೋದರೆ ನಿನ್ನದು. ಗೊತ್ತಿದ್ದೇ ಮಾಡಿದ ಪಾಪ."

"ಹೌದು, ನನ್ನದು" ಎಂದಳು ಬೆನೆಡಿಕ್ಟಾ. "ಅವನಿಗೆ ಪಾಪವೂ ಉಂಟು, ಹೆಂಡತಿಯೂ ಉಂಟು, ಎರಡು ಮಕ್ಕಳೂ ಉಂಟು. ಪಾಪ ಇಲ್ಲದ ನನಗೆ ಈ ಒಂಬತ್ತು ವರ್ಷದಲ್ಲಿ ಎಂತ ಸಿಕ್ಕಿತು? ನೀವೇ ಹೇಳಿ."

"ಅವನು ಕ್ರಿಸ್ಮಸ್ಸಿಗೆ ಬರುತ್ತಾನೆ."

"ಬರಲಿ. ನಾನು ಕಾರ್ಕಳದಲ್ಲಿ ಇರುತ್ತೇನೆ." ಅವಳ ಸ್ವರ ಆಗ ಮಾತ್ರ ಸ್ವಲ್ಪ ಒಡೆಯಿತು. "ಒಂದು ತಿಂಗಳಾದರೆ ಒಂದು ತಿಂಗಳು. ಆ ಮಗು ನನ್ನನ್ನು ಅಮ್ಮಾ ಅಂತ ಕರೆಯುತ್ತದೆ ಮಾಂಯ್. ನಿಮಗೆ ಹೇಳಬೇಕು ಅಂತ ಇದ್ದರೆ ಅಲ್ಲಿ ಎಲ್ಲರ ಎದುರು ಎದ್ದು ಹೇಳಿ. ನಾನು ನಿಮ್ಮ ಬಾಯಿ ಮುಚ್ಚುವುದಿಲ್ಲ."

ಇಗರ್ಜಿಯಲ್ಲಿ ಮೂವತ್ತು ಜನ ಇದ್ದರೋ ಇಲ್ಲವೋ. ವಲೇರಿಯನ್ ಹೊಸ ಕೋಟಿನಲ್ಲಿ ಬೆವರುತ್ತಿದ್ದ. ಪ್ಯಾಟ್ರಿಶಿಯಾ ಹೂವಿನ ಫ್ರಾಕು ಹಾಕಿಕೊಂಡು ಬೆಂಚಿನ ಮೇಲೆ ನಿಂತಿದ್ದಳು. ಫಾದರ್ ಬೆಂಜಮಿನ್ ವಲೇರಿಯನನಿಗೆ ಒಪ್ಪಿಗೆಯೇ ಎಂದು ಕೇಳಿದರು, ಅವನು ಹೌದು ಎಂದ. ಬೆನೆಡಿಕ್ಟಾಳ ಕಡೆ ತಿರುಗಿದಾಗ ಅವರ ಮಾತು ಒಂದು ಗಳಿಗೆ ನಿಂತಿತು. ಸಿಸಿಲಿಯಾ ಬಾಯಿ ಎದ್ದು ನಿಂತಳು. ಹೌದು, ನಿಂತಳು. ಬಾಯಿಯನ್ನೂ ತೆರೆದಳು. ಎದುರಿಗೆ ಪ್ಯಾಟ್ರಿಶಿಯಾ ತಿರುಗಿ ನೋಡಿ ನಕ್ಕಳು. ವಿಗಾರರು ಪ್ರಶ್ನೆ ಮುಗಿಸುವ ಮೊದಲೇ ಬೆನೆಡಿಕ್ಟಾ "ಹೌದು, ಒಪ್ಪಿಗೆ" ಎಂದುಬಿಟ್ಟಳು, ಹಿಂದಿನ ಬೆಂಚಿಗೂ ಕೇಳುವ ಹಾಗೆ. ಸಿಸಿಲಿಯಾ ಬಾಯಿ ಕೂತುಬಿಟ್ಟಳು.

ಆಮೇಲೆ ಪ್ರಸಾದದ ಹೊತ್ತು ಬಂತು. ಮನಸ್ಸಿನಲ್ಲಿ ದೊಡ್ಡ ಪಾಪ ಇಟ್ಟುಕೊಂಡು ಆ ಕ್ರಿಸ್ತ ಪ್ರಸಾದ ನುಂಗುವವರು ತಮ್ಮ ನರಕವನ್ನೇ ನುಂಗುತ್ತಾರೆಂದು ಬೆನೆಡಿಕ್ಟಾಗೆ ಮೊಣಕಾಲೆತ್ತರ ಇದ್ದಾಗಿನಿಂದ ಕಲಿಸಿದ್ದಾರೆ. ಒಂದು ಮಾತಿಗೆ ಅತ್ತೆಯ ಮೇಲೆ ರೇಗಿದರೂ ಕುಮ್ಸಾರ್ ಮಾಡದೆ ಪ್ರಸಾದ ತೆಗೆದುಕೊಳ್ಳದ ಹುಡುಗಿ ಅದು. ಸಿಸಿಲಿಯಾ ಬಾಯಿ ಮನಸ್ಸಿನಲ್ಲೇ ಅಂಗಲಾಚಿದಳು: ಅದೊಂದು ಬೇಡ ಮಗಾ, ಅದೊಂದನ್ನು ಬಿಡು. ಮದುಮಗಳು ಪ್ರಸಾದ ಬಿಟ್ಟರೆ ಜನ ಯಾಕೆ ಎಂದು ಕೇಳದೆ ಬಿಡುತ್ತಾರೆಯೇ? ಬೆನೆಡಿಕ್ಟಾ ಕೈಜೋಡಿಸಿ, ಕಣ್ಣು ಮುಚ್ಚಿ, ನಾಲಗೆ ಚಾಚಿದಳು. ಏನೂ ಅರಿಯದ ಹೆಣ್ಣು, ಇವಳ ಮೇಲೆ ಪಾಪವಿಲ್ಲ ಎಂಬ ಒಂದೇ ನಂಬಿಕೆಯಿಂದ ಇಲ್ಲಿಯವರೆಗೆ ನಿಂತಿದ್ದ ಫಾದರ್ ಬೆಂಜಮಿನ್, ಕೈ ನಡುಗದೆ ಪ್ರಸಾದ ಇಟ್ಟರು. ಅವಳು ನುಂಗಿದಳು.

ಸಿಸಿಲಿಯಾ ಬಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಹಿಂದಿನ ಬೆಂಚಿನ ಒಲಿಂಡಾ ಪಕ್ಕದವಳ ಕಡೆ ಬಾಗಿ, ಸತ್ತ ಮಗನ ನೆನಪಾಗಿರಬೇಕು ಪಾಪ, ಎಷ್ಟು ದೊಡ್ಡ ಮನಸ್ಸು ನೋಡು ಈ ಬಾಯಿಯದು, ಎಂದು ಪಿಸುಗುಟ್ಟಿದಳು.